ಸುಂಯ್ ಸದ್ದಿಗೆ ಅರ್ಧ ಗೇಣು ಮದ್ದು

ಮನೆಗೊಂದು ಸ್ಟುಡಿಯೊ ಇರುವ ಕಾಲವಿದು. ಕಥೆ ಓದುವವರು, ಭಾವಗೀತೆ ಹಾಡುವವರು, ಬಸ್ಸಾರಿಗೆ ಒಗ್ಗರಣೆ ಹಾಕುವ ಬಗೆ ಹೇಳಿಕೊಡುವವರು, ಎಲ್ಲರೂ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಮೈಕಿನ ಮುಂದೆ ಕೂರುತ್ತಾರೆ. ಎಲ್ಲರ ಧ್ವನಿಮುದ್ರಣದಲ್ಲೂ ಕರೆಯದೆ ಬಂದ ಪಕ್ಕವಾದ್ಯವೊಂದು ಕೇಳುತ್ತದೆ: ಸುಂಯ್. ಇದನ್ನು ಓಡಿಸಲು ಜನ ಹಿಡಿಯುವ ದಾರಿ ಮೂರು: ದುಡ್ಡು ಸುರಿಯುವುದು, ಸಾಫ್ಟ್‌ವೇರಿಗೆ ಮೊರೆಹೋಗುವುದು, ಪಕ್ಕದ ಮನೆಯ ಮೋಟರನ್ನು ಬೈಯುವುದು. ಮೂರರಲ್ಲಿ ಕೊನೆಯದೇ ಅಗ್ಗ. ಫಲದಲ್ಲಿ ಉಳಿದೆರಡಕ್ಕಿಂತ ಬಹಳ ಹಿಂದೇನೂ ಇಲ್ಲ. ನನ್ನ ವಾದವಿಷ್ಟೇ: ಸುಂಯ್ ಸದ್ದನ್ನು ಓಡಿಸಲು ಹೋಗಬಾರದು, ಮಾತನ್ನು ಅದರ ಮುಂದೆ ತಂದು ಕೂರಿಸಬೇಕು. ಅದಕ್ಕೆ ಬೇಕಾದ ಮುಖ್ಯ ಉಪಕರಣ ಕುರ್ಚಿ.

ಓಡಿಸಲು ಯಾಕಾಗದು ಎಂದರೆ, ಅದು ಓಡಿಹೋಗುವ ಪೈಕಿಯದಲ್ಲ. ಫ್ಯಾನು, ಫ್ರಿಜ್ಜುಗಳದು ಗುಂಯ್. ಸ್ವಿಚ್ ಒತ್ತಿದರೆ ಬಾಯಿ ಮುಚ್ಚುತ್ತವೆ. ಗೋಡೆಗೆ ಕಂಬಳಿ ಹೊದಿಸಿದರೆ ಕೋಣೆಯ ಪ್ರತಿಧ್ವನಿ ಅಡಗುತ್ತದೆ. ಸುಂಯ್ ಮಾತ್ರ ಯಂತ್ರದೊಳಗೇ ಹುಟ್ಟುತ್ತದೆ. ಯಾವುದೇ ವಾಹಕದಲ್ಲಿ ಎಲೆಕ್ಟ್ರಾನುಗಳು ಬಿಸಿಗೆ ತಕ್ಕಂತೆ ಚಡಪಡಿಸುತ್ತಲೇ ಇರುತ್ತವೆ. ಆ ಚಡಪಡಿಕೆಯೇ ಸದ್ದಾಗುತ್ತದೆ ಎಂಬುದನ್ನು ಬೆಲ್ ಪ್ರಯೋಗಾಲಯದ ಜಾನ್ ಜಾನ್ಸನ್ ಅಳೆದು ತೋರಿಸಿದರು, ಹ್ಯಾರಿ ನೈಕ್ವಿಸ್ಟ್ ಲೆಕ್ಕ ಕಟ್ಟಿಕೊಟ್ಟರು. ಇಬ್ಬರ ಪ್ರಬಂಧಗಳೂ ಪ್ರಕಟವಾದದ್ದು 1928ರಲ್ಲಿ. ಬಿಸಿಯೇ ಕಾರಣವಾದರೆ ತಂಪಾದ ಊರಿಗೆ ಹೋಗೋಣ ಎನ್ನುವವರಿಗೂ ಅವರ ಲೆಕ್ಕದಲ್ಲೇ ಉತ್ತರವಿದೆ. 40 ಡಿಗ್ರಿಯ ರಾಯಚೂರಿನಿಂದ 15 ಡಿಗ್ರಿಯ ಮಡಿಕೇರಿಗೆ ಮೈಕು, ತಂತಿ, ಪೆಟ್ಟಿಗೆ ಸಮೇತ ಗುಳೆ ಹೋದರೆ ಈ ಸದ್ದು ತಗ್ಗುವುದು ಅರ್ಧ ಡೆಸಿಬೆಲ್ಲಿಗಿಂತಲೂ ಕಡಿಮೆ. ಕಾಫಿಯ ಖರ್ಚೂ ಹುಟ್ಟುವುದಿಲ್ಲ.

ಈಗ ಕುರ್ಚಿಯ ಲೆಕ್ಕ ನೋಡಿ. ಬಾಯಿಗೂ ಮೈಕಿಗೂ ನಡುವಿನ ದೂರ ಅರ್ಧವಾದಾಗಲೆಲ್ಲ ಮೈಕಿಗೆ ಮುಟ್ಟುವ ಮಾತು 6 ಡೆಸಿಬೆಲ್ ಏರುತ್ತದೆ. ಎರಡು ಗೇಣು ದೂರದಲ್ಲಿದ್ದವರು ಅರ್ಧ ಗೇಣಿಗೆ ಬಂದರೆ 12 ಡೆಸಿಬೆಲ್ ಲಾಭ. ಯಂತ್ರದ ಸುಂಯ್ ಮಾತ್ರ ಇದ್ದಷ್ಟೇ ಇರುತ್ತದೆ. ಮಾತು ಏರಿದ್ದರಿಂದ, ಮೈಕಿನ ವಿದ್ಯುತ್ತನ್ನು ಹಿಗ್ಗಿಸುವ ಗೇನ್ ಗುಂಡಿಯನ್ನು ಅಷ್ಟೇ ಇಳಿಸಬಹುದು, ಅದರೊಂದಿಗೆ ಸುಂಯ್ ಕೂಡ ಇಳಿಯುತ್ತದೆ. ಮಾತು ಸಣ್ಣಗಿದ್ದರೆ ಆಮೇಲೆ ವಾಲ್ಯೂಮ್ ಏರಿಸಿದರಾಯಿತು ಎಂಬುದು ಸೋಮಾರಿಗಳ ಆಕ್ಷೇಪ. ಅದು ಕಲ್ಲು ಬೆರೆತ ಅಕ್ಕಿಯನ್ನು ಹೆಚ್ಚು ಅಳೆದುಕೊಂಡಂತೆ: ಅಕ್ಕಿ ಹೆಚ್ಚಿತು ನಿಜ, ಕಲ್ಲೂ ಅದೇ ಪ್ರಮಾಣದಲ್ಲಿ ಹೆಚ್ಚಿತು.

ಒಳ್ಳೆಯ ಮೈಕು ಕೊಂಡರೆ ಈ ರಗಳೆಯೇ ಇಲ್ಲವಲ್ಲ ಎಂಬುದು ಅನುಕೂಲಸ್ಥರ ಆಕ್ಷೇಪ. ರೋಡ್ ಎನ್‌ಟಿ1-ಎ ಎಂಬ ಮೈಕಿನ ಸ್ವಂತ ಸದ್ದು ಬರೀ 5 ಡೆಸಿಬೆಲ್ ಎಂದು ತಯಾರಕರು ಹೇಳುತ್ತಾರೆ. ನಿಶ್ಶಬ್ದ ಎಂದು ನಾವು ನಂಬಿರುವ ಮಲಗುವ ಕೋಣೆಯಲ್ಲೇ 30 ಡೆಸಿಬೆಲ್ ಆಸುಪಾಸಿನ ಸದ್ದಿರುವಾಗ, ಅಂಥ ಸೂಕ್ಷ್ಮ ಕಿವಿ ಕೇಳಿಸಿಕೊಳ್ಳುವುದು ಮುಖ್ಯವಾಗಿ ನಮ್ಮ ಕೋಣೆಯನ್ನೇ. ಪಾಡ್‌ಕಾಸ್ಟಿನವರ ಆರಾಧ್ಯದೈವವಾದ ಶ್ಯೂರ್ ಎಸ್‌ಎಂ7ಬಿ ಇನ್ನೊಂದು ಬಗೆಯದು. ಅದು ಹೊರಡಿಸುವ ವಿದ್ಯುತ್ತು ತೀರಾ ಕ್ಷೀಣ, 60 ಡೆಸಿಬೆಲ್ಲಿನಷ್ಟು ಗೇನ್ ಬೇಡುತ್ತದೆ. ಆ ಗೇನ್ ಒದಗಿಸುವ ಪೆಟ್ಟಿಗೆ ಕಡಿಮೆ ಬೆಲೆಯದಾಗಿದ್ದು, ಅದಕ್ಕೆ ಈ ಮೈಕನ್ನು ಸಿಕ್ಕಿಸಿ ದೂರ ಕೂತರೆ, ದುಬಾರಿ ಸುಂಯ್ ಕೇಳುವ ಭಾಗ್ಯ ದೊರೆಯುತ್ತದೆ. ಖರ್ಚು ಮಾಡಲೇಬೇಕಿದ್ದರೆ, ಲ್ಯಾಪ್‌ಟಾಪಿನ ಸಣ್ಣ ತೂತನ್ನು ಬಿಟ್ಟು ಒಂದು ಸಾಧಾರಣ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಕೊಳ್ಳುವುದರಲ್ಲಿ ಅರ್ಥವಿದೆ. ಕುರ್ಚಿ ಮಾತ್ರ ಆಗಲೂ ಮುಂದೆಯೇ ಇರಲಿ.

ಹತ್ತಿರ ಕೂತರೆ ಉಸಿರು ಮೈಕಿಗೆ ಅಪ್ಪಳಿಸುತ್ತದೆ ಎಂಬುದು ಮಾತ್ರ ತೂಕದ ಆಕ್ಷೇಪ. ಪಕಾರ, ಬಕಾರಗಳೇ ಗುದ್ದುತ್ತವೆ; ಮಹಾಪ್ರಾಣವಂತೂ ಗುಂಡು ಹಾರಿಸುತ್ತದೆ. ಆಡುಮಾತಿನಲ್ಲಿ ಮಹಾಪ್ರಾಣ ಬಿಟ್ಟವರನ್ನು ಮೇಷ್ಟ್ರುಗಳು ಗದರಿಸುತ್ತ ಬಂದಿದ್ದಾರೆ. ಮೈಕು ಹೊಗಳುವುದು ಹಾಗೆ ಬಿಟ್ಟವರನ್ನೇ. ವ್ಯಾಕರಣವನ್ನೂ ಉಳಿಸಿಕೊಳ್ಳಬೇಕೆಂದರೆ ಮೈಕನ್ನು ಬಾಯಿಗೆ ನೇರವಾಗಿ ಹಿಡಿಯದೆ ತುಟಿಯ ಅಂಚಿನ ಕಡೆಗೆ ಸರಿಸಿ, ನಡುವೆ ಒಂದು ಪಾಪ್ ಫಿಲ್ಟರ್ ನಿಲ್ಲಿಸಿದರೆ ಸಾಕು. ಉಸಿರು ನೇರ ಹೋಗುತ್ತದೆ, ಮಾತು ಸುತ್ತಲೂ ಹರಡಿ ಮೈಕನ್ನು ಮುಟ್ಟುತ್ತದೆ. ಹತ್ತಿರದಿಂದ ಕೆಲವು ಮೈಕುಗಳು ಧ್ವನಿಗೆ ಸ್ವಲ್ಪ ಗಡಸು ಸೇರಿಸುತ್ತವೆ. ಅದರ ಬಗ್ಗೆ ದೂರು ಕೊಟ್ಟ ಗಂಡಸರು ಕಡಿಮೆ.

ಸಾಫ್ಟ್‌ವೇರ್ ಇರುವಾಗ ಈ ತಪಸ್ಸೇಕೆ ಎಂಬುದು ಕೊನೆಯ ಆಕ್ಷೇಪ. ಆಡಾಸಿಟಿಯಂಥ ಉಚಿತ ತಂತ್ರಾಂಶಕ್ಕೆ ಮಾತಿಲ್ಲದ ತುಣುಕೊಂದನ್ನು ಕೊಟ್ಟರೆ ಅದು ಸುಂಯ್‌ನ ಚಹರೆ ಗುರುತಿಟ್ಟುಕೊಂಡು ಎಲ್ಲೆಡೆ ತಗ್ಗಿಸುತ್ತದೆ. ತೊಂದರೆಯೆಂದರೆ ನಮ್ಮ ಸ, ಶ, ಷಗಳ ಚಹರೆಯೂ ಹೆಚ್ಚುಕಡಿಮೆ ಅದೇ. ಶ, ಷಗಳ ಭೇದವನ್ನು ನಾವೇ ಮುಗಿಸಿದ್ದೇವೆ. ಅತಿಯಾಗಿ ಉಜ್ಜಿದರೆ ತಂತ್ರಾಂಶ ಸಕಾರವನ್ನೂ ಸವೆಸಿ, ಬದಲಿಗೆ ಗುಳುಗುಳು ಎಂಬ ಹೊಸ ಸದ್ದೊಂದನ್ನು ಅಂಟಿಸುತ್ತದೆ. ಸುಂಯ್‌ಗೆ ಮದ್ದು ಅರೆದೇ ಹೆಸರಾದ ರೇ ಡಾಲ್ಬಿ 1965ರವರೆಗೆ ಎರಡು ವರ್ಷ ಯುನೆಸ್ಕೊ ಸಲಹೆಗಾರರಾಗಿ ಭಾರತದಲ್ಲಿದ್ದವರು. ಅದೇ ವರ್ಷ ಲಂಡನ್ನಿನಲ್ಲಿ ತಮ್ಮ ಸಂಸ್ಥೆ ತೆರೆದರು. ಕ್ಯಾಸೆಟ್ಟುಗಳಿಗೆ ಒದಗಿದ ಅವರ ಡಾಲ್ಬಿ ಬಿ ಕೂಡ ಸದ್ದು ಹುಟ್ಟಿದ ಮೇಲೆ ಅಟ್ಟಿಸಿಕೊಂಡು ಹೋಗುವ ಉಪಾಯವಲ್ಲ. ಮೆಲ್ಲಗಿರುವ ತೀಕ್ಷ್ಣ ಸ್ವರಗಳನ್ನು ಟೇಪಿಗೆ ಇಳಿಯುವ ಮೊದಲೇ ಎತ್ತಿಬಿಡುವುದು, ನುಡಿಸುವಾಗ ಅಷ್ಟೇ ಇಳಿಸುವುದು. ಇಳಿಸಿದಾಗ ಟೇಪಿನ ಸುಂಯ್ ಕೂಡ ಸುಮಾರು 10 ಡೆಸಿಬೆಲ್ ಇಳಿಯುತ್ತಿತ್ತು. ಸದ್ದಿಗಿಂತ ಮೊದಲು ಮಾತನ್ನು ಎತ್ತುವ ಅದೇ ಕೆಲಸವನ್ನು ಕುರ್ಚಿ ಸರ್ಕ್ಯೂಟಿಲ್ಲದೆ ಮಾಡುತ್ತದೆ.

ಇಷ್ಟು ಮಾಡಿದ ಮೇಲೂ ಒಂದಿಷ್ಟು ಸುಂಯ್ ಉಳಿಯುತ್ತದೆ, ಉಳಿಯಲಿ. ಅದನ್ನು ಕೇಳುವವರು ಬಸ್ಸಿನಲ್ಲೋ ಕುಕ್ಕರಿನ ಪಕ್ಕದಲ್ಲೋ ಇರುತ್ತಾರೆ. ಆದ್ದರಿಂದ ಮೊದಲು ಕುರ್ಚಿ ಎಳೆಯಿರಿ, ಆಮೇಲೆ ಗೇನ್ ತಿರುಗಿಸಿ, ಸಾಫ್ಟ್‌ವೇರನ್ನು ಉಪ್ಪಿನಷ್ಟು ಬಳಸಿ, ಪರ್ಸು ತೆರೆಯುವುದು ಕೊನೆಗಿರಲಿ. ಈ ಕ್ರಮವನ್ನು ತಲೆಕೆಳಗು ಮಾಡಿದವರಿಂದಲೇ ಆಡಿಯೊ ಅಂಗಡಿಗಳ ಬಾಡಿಗೆ ಹುಟ್ಟುತ್ತಿದೆ.