ಲಗ್ನದ ಮನ್ಯಾಗ ಚಾಕಿನ ಗೆರಿ

ಕೊಡಂಬಲದ ಲಗ್ನದ ಮನೆಗಳಲ್ಲಿ ಕೆಲಸಕ್ಕೆ ಜನ ಕಡಿಮೆ ಬಿದ್ದದ್ದನ್ನು ನಾನಂತೂ ಕಂಡಿಲ್ಲ. ಕಡಿಮೆ ಬೀಳುವುದು 'ಅದೊಂದು ಬಿಟ್ಟು ಬ್ಯಾರೆ ಏನರ ಹೇಳ್ರಿ' ಅನ್ನದ ಜನ. ಲಗ್ನಕ್ಕೆ ಇನ್ನು ಎಂಟು ದಿನ. ಪಡಸಾಲೆಯ ಶಹಾಬಾದ್ ಪರಸಿಯ ಮೇಲೆ ಕಾಕಾ ಕುಳಿತಿದ್ದಾರೆ, ಎದುರಿಗೆ ಗೀಚಿ ಗೀಚಿ ಹರಿಯಲು ಬಂದ ಒಂದು ಹಾಳೆ. ಬೀದರದಲ್ಲಿ ಇಂಜಿನಿಯರಿಂಗ್ ಓದುವ ಅಣ್ಣನ ಮಗಳು ಪೂಜಾ ರಜೆಗೆ ಬಂದಿದ್ದಾಳೆ. ಕಾಕಿ ಒಳಗೆ ಜ್ವಾಳ ಹಸನು ಮಾಡುತ್ತಿದ್ದಾರೆ. ಕೈ ಮೊರದಲ್ಲಿ, ಕಿವಿ ಪಡಸಾಲೆಯಲ್ಲಿ.

ಕಾಕಾ: ಪೂಜಾ, ಬಾ ಅವ್ವ ಇಲ್ಲಿ. ಮುಂಜಾನಿಂದ ಏಳು ಸಲ ಬರದೀನಿ, ಏಳು ಸಲ ಹೊಡದೀನಿ. ಮಂದಿ ಅದಾರ, ಕೆಲಸ ಅದಾವ, ಒಂದಕ್ಕೊಂದು ಕೂಡವಲ್ದು.

ಪೂಜಾ: ಯಾರಿಗಿ ಏನ ಕೊಟ್ಟೀರಿ ಕಾಕಾ?

ಕಾಕಾ: ಮಲ್ಲಪ್ಪ ಮೊದಲ ಬಂದ, ಹುಗ್ಗಿ ನಂದೇ ಅಂದ. ಕೊಟ್ಟೆ. ಬೀಗರು ರೈಲಿಗೆ ಬರ್ತಾರ, ಹುಮನಾಬಾದ್ ಸ್ಟೇಷನ್ನಿನಿಂದ ಟೆಂಪೋದಾಗ ನಾನೇ ತರ್ತೀನಿ ಅಂದ ಶಿವಪ್ಪ. ಕೊಟ್ಟೆ. ಬಾಬು ಊಟ ನೀಡ್ತೀನಿ ಅಂದ. ಕೊಟ್ಟೆ. ಈಗ ರಾಚಪ್ಪ ಬಂದು ಕಟ್ಟಿ ಮ್ಯಾಲ ಕುಂತಾನ. ಅವಗ ಹುಗ್ಗಿ ಬಿಟ್ರ ಜಗತ್ತಿನ್ಯಾಗ ಏನೂ ಬರಂಗಿಲ್ಲ. ಉಳಿದಿದ್ದು ಆಹೇರ ಬರಿಯೋದು. ಬರಿ ಅಂದ್ರ ಹೆಬ್ಬಟ್ಟ ತೋರಸ್ತಾನ.

ಪೂಜಾ: ಬ್ಯಾರೆ ಯಾರಿಗರ ಕೊಡ್ರಿ ಆಹೇರ.

ಕಾಕಾ: ಯಾರಿಗೆ ಬೇಕಾದ್ರ ಅವರಿಗಿ ಕೊಡಾಕ ಅದೇನು ಚಾ ಏನು? ಆಹೇರದ ವಹಿ ಅಂದ್ರ ಮುಂದಿನ ಇಪ್ಪತ್ತು ವರ್ಷದ ಸಾಲದ ಪಟ್ಟಿ. ಐನೂರು ಕೊಟ್ಟಾಂವಗ ಐವತ್ತಂತ ಬರದ್ರ ಎರಡು ಮನಿ ನಡುವ ಮೂರು ತಲಿ ತನಕ ಮಾತು ಬಂದ್.

(ಪೂಜಾ ಚಾಕ್ ತಂದು ಪರಸಿಯ ಮೇಲೆ ಎಡಕ್ಕೆ ನಾಲ್ಕು ಹೆಸರು, ಬಲಕ್ಕೆ ನಾಲ್ಕು ಕೆಲಸ ಬರೆಯುತ್ತಾಳೆ.)

ಪೂಜಾ: ಯಾರು ಯಾವ ಕೆಲಸ ಮಾಡಬಲ್ಲರೋ ಅಲ್ಲಿಗೊಂದು ಗೆರಿ. ಇದಕ್ಕ ನಮ್ಮ ಕಾಲೇಜಿನ್ಯಾಗ ಬೈಪಾರ್ಟೈಟ್ ಗ್ರಾಫ್ ಅಂತಾರ.

ಕಾಕಾ: ಬೈ ಪಾರ್ಟಿ? ಎರಡು ಪಾರ್ಟಿ ನಮ್ಮೂರಾಗ ಮೊದಲೇ ಅದಾವ. ಪಂಚಾಯ್ತಿ ಎಲೆಕ್ಷನ್ ಆದಾಗಿಂದ ಒಬ್ಬರ ಮನಿ ನೀರು ಒಬ್ಬರು ಕುಡಿಯಂಗಿಲ್ಲ.

ಪೂಜಾ: ಇದೂ ಎರಡು ಪಾರ್ಟಿನೇ. ಒಂದು ಮಂದಿದು, ಒಂದು ಕೆಲಸದ್ದು. ಗೆರಿ ಈ ಕಡಿಂದ ಆ ಕಡಿಗಿ ಅಷ್ಟ. ಮಂದಿಯಿಂದ ಮಂದಿಗಿ ಎಳೆಯಂಗಿಲ್ಲ.

ಕಾಕಾ: ಎಳೀಲೇಬ್ಯಾಡ. ನಮ್ಮ ಮಂದಿಯಿಂದ ಮಂದಿಗಿ ಗೆರಿ ಎಳದ್ರ ಚಾಕ್ ಸಾಲಂಗಿಲ್ಲ, ವಕೀಲ ಬೇಕಾಗ್ತಾನ.

ಪೂಜಾ: ಈಗ ಹೇಳ್ರಿ. ಮಲ್ಲಪ್ಪ ಮಾಮಾಗ ಹುಗ್ಗಿ ಬಿಟ್ಟು ಏನ ಬರ್ತದ?

ಕಾಕಾ: ಟೆಂಪೋ ಹೊಡೀತಾನ.

ಪೂಜಾ: ಶಿವಪ್ಪಗ ಟೆಂಪೋ ಬಿಟ್ಟು?

ಕಾಕಾ: ನೀಡ್ತಾನ. ಕೈ ಜರಾ ಬಿಗಿ, ತುಪ್ಪ ಉಳೀತದ.

ಪೂಜಾ: ಬಾಬು?

ಕಾಕಾ: ಅಕ್ಷರ ಮುತ್ತಿನಂಗ ಅವಂದು. ಆದ್ರ ಅವಗ ನೀಡೋದು ಕೊಟ್ಟಾಗ್ಯದ ಅಲ್ಲ!

ಪೂಜಾ: ಅಲ್ಲೇ ನೀವು ನಿಂತ್ರಿ. ಹೊರಗ ಕುಂತಾಂವನಿಂದ ಹೊರಡೂಣು. ರಾಚಪ್ಪ ಹುಗ್ಗಿಗಿ. ಅಲ್ಲಿದ್ದ ಮಲ್ಲಪ್ಪ ಟೆಂಪೋಕ್ಕ. ಅಲ್ಲಿದ್ದ ಶಿವಪ್ಪ ನೀಡಾಕ. ಅಲ್ಲಿದ್ದ ಬಾಬು ಆಹೇರಕ್ಕ. ಆಹೇರ ಖಾಲಿ ಇತ್ತು, ಮುಗೀತು. ಮೂರು ಗೆರಿ ಅಳಿಸೀನಿ, ನಾಕು ಗೆರಿ ಹಾಕೀನಿ. ಯಾರ ಕೆಲಸಾನೂ ಹೋಗಿಲ್ಲ, ಒಬ್ಬಾಂವಗ ಹೊಸದಾಗಿ ಸಿಕ್ಕದ.

(ಕಾಕಾ ಬೆರಳಿನಿಂದ ಗೆರೆಯ ಮೇಲೆ ಒಮ್ಮೆ ಹೋಗಿ, ಒಮ್ಮೆ ಬಂದು, ಮತ್ತೊಮ್ಮೆ ಹೋಗುತ್ತಾರೆ. ಏಳು ಸಲ ಹೊಡೆದ ಹಾಳೆಯನ್ನು ಮಡಚಿ ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಾರೆ.)

ಕಾಕಾ: ಇದು ನನಗ ಮೊದಲೇ ಹೊಳದಿತ್ತು.

ಕಾಕಿ (ಒಳಗಿನಿಂದ): ಹೌದ್ ಹೌದು. ಏಳು ಸಲ ಹೊಳದಿತ್ತು.

ಕಾಕಾ: ಆದ್ರ ಪೂಜಾ, ನಾಕು ಮಂದಿಗಿ ಆಯ್ತು. ಹನ್ನೆರಡು ಮಂದಿ, ಹನ್ನೆರಡು ಕೆಲಸ ಇದ್ರ? ಒಂದೊಂದೇ ಬದಲ ಮಾಡಿ ನೋಡಿದ್ರ ಆಗಂಗಿಲ್ಲೇನು?

ಪೂಜಾ: 47,90,01,600 ಥರ ಬದಲ ಮಾಡಬಹುದು. ಸೆಕೆಂಡಿಗೊಂದು ನೋಡಿದ್ರೂ ಹದಿನೈದು ವರ್ಷ ಹಿಡೀತದ.

ಕಾಕಾ: ಅಷ್ಟರಾಗ ನಮ್ಮ ಮದುಮಗಳು ಸುಮಾನ ಮಗ ಹೈಸ್ಕೂಲಿಗಿ ಬಂದಿರ್ತಾನ! ಅಂದಂಗ, ನಿನಗ ಕಾಲೇಜು ಸಿಕ್ಕಿದ್ದೂ ಹಿಂಗೇ ಗೆರಿ ಎಳದೇ ಏನು?

ಪೂಜಾ: ಹುಡುಗ್ರು ಒಂದು ಕಡಿ, ಸೀಟು ಒಂದು ಕಡಿ. ಸಿಇಟಿ ಆದ ಮ್ಯಾಲ ಆಪ್ಷನ್ ಎಂಟ್ರಿ ಅಂತ ರಾತ್ರಿ ಕುಂತು ತುಂಬಿದ್ವಿ ನೋಡ್ರಿ, ಅವೇ ನನ್ನ ಗೆರಿ. ಆದ್ರ ಅಲ್ಲಿ ರ‍್ಯಾಂಕ್ ಮುಂದಿದ್ದಾಂವ ಮೊದಲ ಆರಸ್ತಾನ, ಕೊಟ್ಟಿದ್ದು ಇವಗಿಲ್ಲ ಅವಗ ಅಂತ ಸರಿಸಂಗಿಲ್ಲ.

ಕಾಕಾ: ಮತ್ತ ನಾ 371ಜೆ ಸರ್ಟಿಫಿಕೇಟಿಗೆ ಓಡ್ಯಾಡಿದ್ದು?

ಪೂಜಾ: ಅದೇ ನನಗ ಹೆಚ್ಚಿನ ಗೆರಿ ಎಳದಿದ್ದು. ಸಂವಿಧಾನಕ್ಕ 98ನೇ ತಿದ್ದುಪಡಿ ಆಗಿ 371ಜೆ ಬಂತಲ್ಲ, ನಮ್ಮ ಭಾಗದ ಹುಡುಗ್ರಿಗಿ ಮೀಸಲಿಟ್ಟ ಸೀಟಿಗೂ ಗೆರಿ ಬಿತ್ತು. ರ‍್ಯಾಂಕ್ ಅದೇ, ಹುಡುಗಿ ಅದೇ, ಗೆರಿ ಮಾತ್ರ ಹೆಚ್ಚು.

ಕಾಕಾ: ಹಂಗಾದ್ರ ಗೆರಿ ಎಳದಾಂವ ನಾ. ಇದು ನಿಮ್ಮಪ್ಪಗ ಹೇಳು. (ಕಾಲು ಚಾಚಿ) ಈಗ ಮನಿ ಅಳಿಯಂದಿರು. ಮೂವರು.

ಪೂಜಾ: ಅವರು ಏನ ಮಾಡ್ತಾರ?

ಕಾಕಾ: ಹಂದರದ ಬಾಗಿಲಾಗ ನಿಂತು 'ಬರ್ರಿ ಬರ್ರಿ' ಅಂತಾರ.

ಪೂಜಾ: ಮೂವರೂ?

ಕಾಕಾ: ಮೂವರೂ ಅದೇ. ಇಸ್ತ್ರಿ ಅಂಗಿ ಮಡಿಚಬಾರ್ದು ನೋಡು.

ಪೂಜಾ: ಹಂಗಾದ್ರ ಮೂರು ಹೆಸರಿಂದ ಗೆರಿ ಹೋಗಿದ್ದು ಒಂದೇ ಕೆಲಸಕ್ಕ. ಎಷ್ಟು ಸರಿಸಿದ್ರೂ ಇಬ್ಬರು ಹೊರಗೇ. 1935ರಾಗ ಫಿಲಿಪ್ ಹಾಲ್ ಅನ್ನೋ ಇಂಗ್ಲೆಂಡಿನ ಗಣಿತಜ್ಞ ಇದನ್ನೇ ಬರದಾನ. ಯಾವ ಗುಂಪು ಬೇಕಾದ್ರೂ ಹಿಡೀರಿ, ಆ ಗುಂಪಿನ ಗೆರಿ ಮುಟ್ಟೋ ಕೆಲಸ ಗುಂಪಿಗಿಂತ ಕಡಿಮಿ ಇರಬಾರ್ದು. ಎಲ್ಲಾ ಗುಂಪಿಗೂ ಇದು ಬರಾಬರ್ ಆದ್ರ ಎಲ್ಲರಿಗೂ ಕೆಲಸ ಸಿಕ್ಕೇ ಸಿಗ್ತದ. ಒಂದು ಗುಂಪಿಗಿ ತಪ್ಪಿದ್ರೂ ಸಿಗಂಗಿಲ್ಲ. ಇದರ ಹೆಸರೇ ಮದುವಿ ಪ್ರಮೇಯ.

ಕಾಕಾ: ಇಂಗ್ಲೆಂಡಿನಾಗೂ ಅಳಿಯಂದಿರು ಹಿಂಗೇ ಇದ್ರೇನು!

ಪೂಜಾ: ಬರೇ 'ಬರ್ತದ, ಬರಂಗಿಲ್ಲ' ಅಷ್ಟೇ ಅಲ್ಲ ಕಾಕಾ, ಯಾರು ಮಾಡಿದ್ರ ಎಷ್ಟು ಖರ್ಚು ಅಂತ ಗೆರಿ ಮ್ಯಾಲ ಬರದು ಒಟ್ಟು ಖರ್ಚು ಕಡಿಮಿ ಮಾಡೋ ಲೆಕ್ಕಾನೂ ಅದ. 1955ರಾಗ ಕುನ್ ಅನ್ನಾಂವ ಮಾಡಿದ್ದು. ಹಂಗೇರಿಯ ಇಬ್ಬರ ಕೆಲಸದ ಮ್ಯಾಲ ಕಟ್ಟೀನಿ ಅಂತ ಅದಕ್ಕ ಹಂಗೇರಿಯನ್ ವಿಧಾನ ಅಂತ ಅವನೇ ಹೆಸರಿಟ್ಟ.

ಕಾಕಾ: ತನ್ನ ಹೆಸರು ಇಡಲಿಲ್ಲ? ನಮ್ಮೂರಾಗ ಗುಡಿಗಿ ಒಂದು ಟ್ಯೂಬ್‌ಲೈಟ್ ಕೊಟ್ಟಾಂವ ಬೆಳಕು ಹೊರಗ ಬರದಂಗ ಹೆಸರು ಬರಸ್ತಾನ.

(ಆ ಟ್ಯೂಬ್‌ಲೈಟ್ ಕಾಕಾ ಅವರೇ ಕೊಟ್ಟದ್ದು. ಮರೆತಿರಬೇಕು.)

ಪೂಜಾ: ಈಗ ಉಳಿದಿದ್ದು ಮೂರು ಕೆಲಸ. ನೀರು ತುಂಬೋದು, ಭಾಂಡಿ ತಿಕ್ಕೋದು, ಎಂಜಲ ಪತ್ರೋಳಿ ಎತ್ತೋದು. ಯಾರು ಮಾಡ್ತಾರ?

ಕಾಕಾ: ನೀರಿಗಿ ಗುಂಡಪ್ಪ ಅದಾನ. ಉಳಿದಿದ್ದು ನಿಮ್ಮ ಕಾಕಿ. ಆಕಿಗೆ ಎಲ್ಲಾ ಬರ್ತದ. ಎಲ್ಲಾದಕ್ಕೂ ಗೆರಿ ಎಳಿ. ಹುಗ್ಗಿಗೂ ಎಳಿ.

(ಮೊರ ಕೆಳಗಿಟ್ಟ ಸಪ್ಪಳ. ಕಾಕಿ ಬಾಗಿಲಿಗೆ ಬರುತ್ತಾರೆ.)

ಪೂಜಾ: ಗೆರಿ ಎಷ್ಟಿದ್ರೂ ಕಾಕಿಗೆ ಸಿಗೋದು ಒಂದೇ ಕೆಲಸ ಕಾಕಾ. ಲೆಕ್ಕದ ನಿಯಮ ಅದು.

ಕಾಕಿ: ಏನಂದಿ? ಇನ್ನೊಮ್ಮೆ ಅನ್ನು.

ಪೂಜಾ: ಒಬ್ಬರಿಗೆ ಒಂದೇ ಕೆಲಸ, ಕಾಕಿ.

ಕಾಕಿ: ಈ ನಿಯಮ ಬಂದು ಎಷ್ಟು ವರ್ಷ ಆಯ್ತು?

ಪೂಜಾ: ಹಾಲ್ ಬರದು ಸುಮಾರು ತೊಂಬತ್ತು ವರ್ಷ ಆಯ್ತು.

ಕಾಕಿ: ನಾ ಈ ಮನಿಗಿ ಬಂದು ಮೂವತ್ತು. ಬಾಗಿಲ ತನಕ ಬಂದಿಲ್ಲ ನೋಡು ಅದು.

ಕಾಕಾ: ಏ, ಹಂಗ್ಯಾಕ ಅಂತಿ? ಬಸವಕಲ್ಯಾಣ ನಮ್ಮ ಬಗಲಾಗೇ ಅದ. ಶರಣರ ನಾಡಿನ್ಯಾಗ ಕೆಲಸಕ್ಕ ಬ್ಯಾಸರ ಮಾಡ್ತಾರೇನು? ಮಾಚಯ್ಯ ಬಟ್ಟಿ ಒಗದ, ಚೌಡಯ್ಯ ದೋಣಿ ನಡಸಿದ, ನುಲಿಯ ಚಂದಯ್ಯ ಹಗ್ಗ ಹೊಸದ, ಕೇತಯ್ಯ ಬುಟ್ಟಿ ಹೆಣದ. ಯಾವ ಕಾಯಕಾನೂ ಸಣ್ಣದಲ್ಲ. ಎಂಜಲ ಎತ್ತೋದೂ ದಾಸೋಹನೇ!

ಪೂಜಾ: ಅಲ್ಲಿ ಒಬ್ಬೊಬ್ಬರಿಗೆ ಒಂದೊಂದೇ ಗೆರಿ ಕಾಕಾ.

ಕಾಕಿ: ಆಯ್ದಕ್ಕಿ ಲಕ್ಕಮ್ಮನ ಹೆಸರು ಯಾಕ ಬಿಟ್ರಿ? ಗಂಡ ಒಂದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ಕೊಂಡು ಬಂದ. ಎಲ್ಲಿಂದ ತಂದ್ಯೋ ಅಲ್ಲೇ ಸುರುವಿ ಬಾ ಅಂತ ಹೊಳ್ಳಿ ಕಳಿಸಿದ್ಲು. ನಾನೂ ಹೆಚ್ಚಿಂದು ಹೊಳ್ಳಿ ಕೊಡ್ತೀನಿ. ಭಾಂಡಿ ನಂದು. ಪತ್ರೋಳಿ ನಂದಲ್ಲ.

ಕಾಕಾ: ಅದು ಅಕ್ಕಿ ಮಾತು! ಪೂಜಾ, ಸರಿಸಿ ನೋಡವ್ವ ಜರಾ. ಆಗ ರಾಚಪ್ಪಂದು ಸರಿಸಿದೆಲ್ಲ, ಹಂಗ.

ಪೂಜಾ: ಸರಿಸಿದ್ರ ಆಗಂಗಿಲ್ಲ. ಕೆಲಸ ಮೂರು, ಗೆರಿ ಮುಟ್ಟಿದ ಮಂದಿ ಇಬ್ಬರೇ. ಅಳಿಯಂದಿರದು ಆಯ್ತಲ್ಲ, ಅದೇ ಲೆಕ್ಕ ತಿರುವಿ ಹಾಕಿದ್ದು. ಹೊಸ ಗೆರಿ ಒಂದು ಬೇಕೇ ಬೇಕು.

ಕಾಕಿ: ಇದರಾಗ ನಿಮ್ಮ ಕಾಕಾನ ಹೆಸರು ಎಲ್ಲದ?

ಪೂಜಾ: ಬರದೇ ಇಲ್ಲ.

ಕಾಕಾ: ನಾ ಹಂಚಾಂವ! ಹಂಚಾಂವನ ಹೆಸರು ಪಟ್ಟಿಯಾಗ ಬರಂಗಿಲ್ಲ.

(ಕಾಕಿ ಪರಸಿಯ ಮೇಲೆ ಕೂತು, ಎಡಗಡೆ ಅಳಿಯಂದಿರ ಕೆಳಗೆ 'ಇವರು' ಎಂದು ಬರೆಯುತ್ತಾರೆ. ಗಂಡನ ಹೆಸರು ಹೇಳದವರು ಬರೆಯುವುದೂ ಇಲ್ಲ. ಅಲ್ಲಿಂದ ಪತ್ರೋಳಿಯ ತನಕ ಒಂದೇ ಎಳೆತ, ರಂಗೋಲಿ ಹಾಕುವ ಕೈ, ಎಲ್ಲೂ ನಡುಗಿಲ್ಲ.)

ಕಾಕಾ: ಇಕಿಗೆ ಚಾಕ್ ಯಾರ ಕೊಟ್ರು?

ಪೂಜಾ: ಎಲ್ಲಾ ಕೂಡ್ತು ಕಾಕಾ! ನೀರಿಗಿ ಗುಂಡಪ್ಪ, ಭಾಂಡಿಗಿ ಕಾಕಿ...

ಕಾಕಾ: ಅಳಿಸು. ಬೀಗರು ನೋಡ್ಯಾರು.

ಕಾಕಿ: ದಾಸೋಹ ಅಂದ್ರಿ ಈಗಷ್ಟೇ.

ಕಾಕಾ: ಅಂದಿದ್ದು ಖರೇ. ಆದ್ರ ಇಸ್ತ್ರಿ ಅಂಗಿ...

ಕಾಕಿ (ಮೊರ ಎತ್ತಿಕೊಳ್ಳುತ್ತ): ಒಗಿಯೋದಕ್ಕೂ ನನ್ನ ಹೆಸರಿಂದ ಗೆರಿ ಇತ್ತು ನೋಡ್ರಿ. ಈಗ ಇಲ್ಲ.