ಬೇಲಿಯಾಚೆಯ ಕೆವೈಸಿ

ನಮ್ಮೂರಿನಂಥ ಸಣ್ಣ ಊರಲ್ಲಿ ಸರ್ಕಾರ ಎಲ್ಲಿದೆ ಅಂತ ಯಾರಾದರೂ ಕೇಳಿದರೆ ನಾನು ಪಂಚಾಯಿತಿ ಆಫೀಸಿನ ಕಡೆ ಕೈ ತೋರಿಸುವುದಿಲ್ಲ. ಕಂಕುಳಲ್ಲಿ ರಿಜಿಸ್ಟರು ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಮೂಗು ಸೋರುವ ಕೂಸೊಂದನ್ನು ಎಳೆದುಕೊಂಡು ಬೆಳಿಗ್ಗೆ ನಮ್ಮ ಬೀದೀಲಿ ಹೋಗುತ್ತಾಳಲ್ಲ ಅಂಗನವಾಡಿ ಮಿಸ್ಸು, ಅವಳನ್ನು ತೋರಿಸುತ್ತೇನೆ. ಮಕ್ಕಳಿಗೆ ಹಾಲು, ಮೊಟ್ಟೆ. ಬಸುರಿ ಬಾಣಂತಿಯರಿಗೆ ಮಧ್ಯಾಹ್ನದ ಊಟ. ಕೂಸುಗಳ ತೂಕ ನೋಡಬೇಕು, ನೋಡಿದ್ದನ್ನು ಮೊಬೈಲಿಗೆ ಹತ್ತಿಸಬೇಕು. ಚುನಾವಣೆ ಬಂದರೆ ಮತದಾರರ ಪಟ್ಟಿ. ಏನೂ ಬರದಿದ್ದರೆ ಯಾವುದಾದರೊಂದು ಸರ್ವೆ. ಇಷ್ಟಕ್ಕೂ ಅವಳಿಗೆ ಸಿಗುವುದು ಸಂಬಳವಲ್ಲ, ಗೌರವಧನ.

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಈ ಅಂಗನವಾಡಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಆರಿಸಿಕೊಂಡ ಜಾಗ ನಮ್ಮ ಟಿ. ನರಸೀಪುರ. ಹಾಗಾಗಿ ಈ ವಿಷಯದಲ್ಲಿ ನಮ್ಮ ಸೀಮೆಯವರಿಗೆ ಸ್ವಲ್ಪ ಜಂಬ ಜಾಸ್ತಿ. ಆಗ ಅಲ್ಲಿ ಉಂಡು ಮಲಗಿದ್ದ ಮಕ್ಕಳು ಈಗ ಮೊಮ್ಮಕ್ಕಳನ್ನು ಬಿಡಲು ಬರುತ್ತಾರೆ.

ಇದನ್ನೇ ಮೊನ್ನೆ ಪಕ್ಕದ ಮನೆ ದೊಡ್ಡವ್ವನ ಹತ್ತಿರ ಕೊಚ್ಚಿಕೊಂಡೆ. ಅವಳು ಬೇಲಿಯಾಚೆ ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತದೆ, "ಮಿಸ್ಸು ಒತ್ತಟ್ಟಿಗಿರ್ಲಿ ಕಣವ್ವ. ನಂಗೆ ರೇಷನ್ ಸೊಸೈಟಿಯ ಹೆಬ್ಬೆಟ್ಟಿನ ಮಿಷನ್ನೇ ಸರ್ಕಾರ. ಅದು ಹೂಂ ಅಂದ್ರೆ ಅಕ್ಕಿ, ಊಹೂಂ ಅಂದ್ರೆ ನಾಳೆ ಬಾ" ಅಂದಳು.

ದೊಡ್ಡವ್ವನ ಹೆಬ್ಬೆಟ್ಟನ್ನು ಮಿಷನ್ನು ಒಪ್ಪುವುದಿಲ್ಲ. ಒಪ್ಪುವುದಾದರೂ ಹೇಗೆ? ಆಯಸ್ಸೆಲ್ಲ ಗದ್ದೆಯಲ್ಲಿ ಪೈರು ಕಿತ್ತು ನಾಟಿ ಹಾಕಿ, ಸಗಣಿ ತಟ್ಟಿ, ಬೂದಿಯಲ್ಲಿ ಪಾತ್ರೆ ಉಜ್ಜಿದ ಬೆರಳು. ಗೆರೆಗಳು ಅವಳದ್ದೇ, ಆದರೆ ಸವೆದುಹೋಗಿವೆ. ಎಣ್ಣೆ ಹಚ್ಚು, ಸೆರಗಲ್ಲಿ ಒರೆಸು, ಎಡಗೈ ಕೊಡು ಅಂತ ಸಾಲಲ್ಲಿ ನಿಂತವರೆಲ್ಲ ಒಂದೊಂದು ವೈದ್ಯ ಹೇಳುತ್ತಾರೆ. ಕೊನೆಗೆ ಓಟಿಪಿ. ಆ ನಂಬರಿನ ಫೋನು ಇರುವುದು ಬೆಂಗಳೂರಿನ ಪೀಣ್ಯದ ಕಾರ್ಖಾನೆಯಲ್ಲಿ ದುಡಿಯುವ ಮೊಮ್ಮಗನ ಜೇಬಲ್ಲಿ. ಅವನು ಮಿಷನ್ನಿನ ಸದ್ದಿನ ನಡುವೆ ಹೊರಗೆ ಬಂದು ನಂಬರು ಓದಿ ಹೇಳಬೇಕು, ಇಲ್ಲಿ ಅಕ್ಕಿ ತೂಗಬೇಕು. ಫೋನಿನಲ್ಲಿ ಚಾರ್ಜು ಇಲ್ಲದ ದಿನ ದೊಡ್ಡವ್ವ ಬರಿಗೈಲಿ ವಾಪಸ್ಸು.

ಇನ್ನು ಪಿಂಚಣಿಯ ಕತೆ. ಅಕ್ಷರ ಕಲಿಯದ ಹೆಂಗಸರು ಡೇರಿ ಮುಂದೆ ಹಾಲಿನ ಕ್ಯಾನು ಇಳಿಸಿ ಮಾತಾಡುವುದನ್ನು ನೀವು ಕೇಳಬೇಕು. "ನಿಂದು ಕೆವೈಸಿ ಆಯ್ತಾ?" "ಆಗ್ಯದೆ ಕಣಕ್ಕ, ಎನ್‌ಪಿಸಿಐ ಆಗಿಲ್ವಂತೆ." ಪೇಟೆಯ ಎಷ್ಟೋ ಪದವೀಧರರಿಗೆ ಈ ಎನ್‌ಪಿಸಿಐ ಏನು ಅಂತ ಗೊತ್ತಿರಲಾರದು. ನಮ್ಮೂರ ಅಜ್ಜಿಯರಿಗೆ ಗೊತ್ತು. ಸರ್ಕಾರದ ದುಡ್ಡು ನೀವು ಬರೆದುಕೊಟ್ಟ ಪಾಸ್‌ಬುಕ್ಕಿಗೇ ಬರಬೇಕೆಂದಿಲ್ಲ. ಆಧಾರನ್ನು ಕೊನೆಯ ಸಲ ಯಾವ ಬ್ಯಾಂಕಿಗೆ ಜೋಡಿಸಿದ್ದರೋ ಅಲ್ಲಿಗೆ ಹೋಗುತ್ತದೆ. ದೊಡ್ಡವ್ವನ ದುಡ್ಡು ಹೀಗೇ ದಾರಿ ತಪ್ಪಿ, ಎಂದೋ ಗ್ಯಾಸಿನ ಸಬ್ಸಿಡಿಗೆಂದು ತೆಗೆಸಿ ಮರೆತಿದ್ದ ಖಾತೆಯಲ್ಲಿ ಕೂತಿತ್ತು. "ಸರ್ಕಾರ ತಿಂದಾಕ್ಬುಡ್ತು" ಅಂತ ಊರೆಲ್ಲ ಸಾರಿದ್ದಳು. ದುಡ್ಡು ಸಿಕ್ಕ ಮೇಲೆ ಸಾರಲಿಲ್ಲ.

ಅದನ್ನು ಹುಡುಕಿಕೊಟ್ಟಿದ್ದು ಯಾವ ಅಧಿಕಾರಿಯೂ ಅಲ್ಲ, ಹೆಬ್ಬೆಟ್ಟಿನ ಯಂತ್ರ ಹಿಡಿದು ಮನೆಬಾಗಿಲಿಗೆ ಬರುವ ಅಂಚೆಯಣ್ಣ. 2018ರಲ್ಲಿ ಅಂಚೆಯವರು ಪೇಮೆಂಟ್ಸ್ ಬ್ಯಾಂಕು ಶುರುಮಾಡಿದ ಮೇಲೆ ಕಾಗದ ಹಂಚುವವನೇ ಬ್ಯಾಂಕೂ ಆಗಿದ್ದಾನೆ. ಆಶಾ ಕಾರ್ಯಕರ್ತೆಯೂ ಹಾಗೆಯೇ. ತಾಯಿ ಕಾರ್ಡು ಮಾಡಿಸುವುದು ಅವಳ ಕೆಲಸ, ರಾತ್ರಿ ನೋವು ಬಂದವಳ ಜೊತೆ 108 ಆಂಬುಲೆನ್ಸಿನಲ್ಲಿ ಕೂತು ಹೋಗುವುದೂ ಅವಳದ್ದೇ. ಹೊಸ ಯೋಜನೆ ಯಾವುದೇ ಬರಲಿ, ಅದನ್ನು ಮನೆಮನೆಗೆ ನಡೆಸಿಕೊಂಡು ಬರುವ ಕಾಲು ಇಂಥ ನಾಲ್ಕೈದು ಜನರದ್ದು. ಅವರಲ್ಲಿ ಒಬ್ಬರು ಜ್ವರ ಅಂತ ಮಲಗಿದರೆ ನಮ್ಮೂರಿನ ಮಟ್ಟಿಗೆ ಒಂದು ಇಲಾಖೆಯೇ ಮಲಗಿದಂತೆ.

ಗೃಹಲಕ್ಷ್ಮಿ ಯೋಜನೆಯ ಮಾತು ಎತ್ತಬಾರದಿತ್ತು, ಎತ್ತಿದೆ. ಬೇಲಿಯಾಚೆ ಒಳಗಿನಿಂದ ಪಾತ್ರೆ ಕುಕ್ಕಿದ ಸದ್ದು ಬಂತು, ಸೊಸೆಯದು. ತಿಂಗಳಿಗೆ 2,000 ರೂಪಾಯಿ ಹೋಗುವುದು ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಅಂತ ಯಾರ ಹೆಸರಿದೆಯೋ ಅವರಿಗೆ. 2013ರ ಆಹಾರ ಭದ್ರತಾ ಕಾಯ್ದೆ ಮನೆಯ ಹಿರಿಯ ಹೆಂಗಸನ್ನೇ ಯಜಮಾನಿ ಅನ್ನುತ್ತದೆ. ಅಂದರೆ ಅತ್ತೆ. ಆ ಕಾನೂನು ಬರೆದವರಿಗೆ, ಹತ್ತು ವರ್ಷದ ಮೇಲೆ ಇದು ಯಾವ ಯಾವ ಅಡುಗೆಮನೆಯಲ್ಲಿ ಕುದಿಯುತ್ತದೆ ಅಂತ ಅಂದಾಜಿದ್ದಿರಲಾರದು. ಸೊಸೆಯ ಕಷ್ಟ ನನಗೂ ಅರ್ಥವಾಗುತ್ತದೆ, ಮಕ್ಕಳ ಫೀಸಿಗೆ ಒದ್ದಾಡುವವಳು ಅವಳು. ಆದರೂ ಮಗ ಬೀಡಿಗೆ ಕಾಸಿಲ್ಲದೆ ಬಂದು ಅವ್ವನ ಮುಂದೆ ತಲೆ ಕೆರೆದುಕೊಂಡು ನಿಲ್ಲುವುದನ್ನು ನೋಡುವಾಗ ನನಗೆ ಒಳಗೊಳಗೇ ಖುಷಿ. ದೊಡ್ಡವ್ವ ಕೊಡುತ್ತಾಳೆ, ಆದರೆ ಎರಡು ಮಾತು ಅಂದೇ ಕೊಡುತ್ತಾಳೆ.

"ಈ ಯೋಜನೆಗಳೆಲ್ಲ ಬಂದು ಏನಾಯ್ತು, ಮುಂಚೆ ಊರೇ ಊರಿಗೆ ಆಗ್ತಿತ್ತಲ್ಲ" ಅಂತ ಬಾಯಿಗೆ ಬಂದ ಮಾತು ಆಡಿದೆ. ಭಾಷಣದಲ್ಲಿ ಕೇಳಿ ಕೇಳಿ ನಾಲಿಗೆ ಮೇಲೆ ಕೂತ ಮಾತು. ದೊಡ್ಡವ್ವ ಸುಲಿಯುವುದನ್ನು ನಿಲ್ಲಿಸಿದಳು.

"ಯಾರ್ಗ್ ಆಗ್ತಿತ್ತು?"

ಮುಯ್ಯಾಳು ಲೆಕ್ಕ ಅವಳಿಗೆ ಬಾಯಿಪಾಠ. ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಚೆನ್ನಾಗಿಯೇ ಇದೆ, ಇಬ್ಬರಿಗೂ ಗದ್ದೆಯಿದ್ದರೆ. ಗದ್ದೆಯಿಲ್ಲದವರು ಕೂಲಿಗೆ ಹೋಗುತ್ತಿದ್ದರು, ಅದರಲ್ಲೂ ನಾಟಿ ಹಾಕಿದ ಎಷ್ಟೋ ಕೈಗೆ ಮನೆಯೊಳಗಿನ ಲೋಟ ಸಿಗುತ್ತಿರಲಿಲ್ಲ. ಮದುವೆಯಲ್ಲಿ ಮುಯ್ಯಿ ಹಾಕಿದರೆ ಪುಸ್ತಕದಲ್ಲಿ ಬರೆದಿಡುತ್ತಾರೆ, ಅವರ ಮನೆ ಮದುವೆಗೆ ಅಷ್ಟನ್ನಾದರೂ ತಿರುಗಿ ಹಾಕಬೇಕು. ಗಂಡ ಸತ್ತು ಮೂರು ಮಕ್ಕಳನ್ನು ಕಟ್ಟಿಕೊಂಡ ಹೆಂಗಸು ಎಲ್ಲಿಂದ ಹಾಕುತ್ತಾಳೆ? ದೊಡ್ಡವ್ವ ಎಷ್ಟೋ ಮದುವೆಗಳಿಗೆ ಹೋಗುವುದನ್ನೇ ಬಿಟ್ಟಿದ್ದಳಂತೆ. ಸಾವಿನ ಮನೆಯ ಮಾತು ಬೇರೆ. ಒಲೆ ಹಚ್ಚದ ಮನೆಗೆ ಪಕ್ಕದವರು ಹಿಟ್ಟು, ಸಾರು ಮಾಡಿ ತರುತ್ತಾರೆ, ಅದಕ್ಕೆ ಪುಸ್ತಕವಿಲ್ಲ, ಇವತ್ತಿಗೂ ತರುತ್ತಾರೆ.

"ಈ ಸಾವ್ರದಿನ್ನೂರು ಯಾರ್ಗೂ ತಿರುಗ್ಸಿ ಕೊಡಂಗಿಲ್ಲ ಕಣವ್ವ" ಅಂದಳು. ಸಂಧ್ಯಾ ಸುರಕ್ಷಾದ 1,200 ರೂಪಾಯಿ, ಅರವತ್ತೈದು ದಾಟಿದ ಬಡವರಿಗೆ ಕೊಡುವುದು. ಬೆಂಗಳೂರಿನಲ್ಲಿ ಅಷ್ಟಕ್ಕೆ ಒಂದು ವಾರದ ತರಕಾರಿ ಬಂದರೆ ಹೆಚ್ಚು. ಆದರೆ ಇದಕ್ಕಾಗಿ ದೊಡ್ಡವ್ವ ಯಾರ ಜಗುಲಿಯ ಮೇಲೂ ಕೂತು ಕಾಯಬೇಕಿಲ್ಲ, ಯಾರ ಮನೆಯ ಮದುವೆಯನ್ನೂ ತಪ್ಪಿಸಿಕೊಳ್ಳಬೇಕಿಲ್ಲ.

ನಾನೂ ಸುಮ್ಮನೆ ಸೋಲಲಿಲ್ಲ. "ಆ ದುಡ್ಡು ಬರೋಕೆ ಅರ್ಜಿ ಬರೆದೋರು ಯಾರು? ನಾಡಕಚೇರಿಗೆ ಜೊತೆಗೆ ಬಂದೋರು ಯಾರು? ಓಟಿಪಿ ಹೇಳೋನು ಯಾರು? ಊರಿನವರು ಆಗದೆ ಸರ್ಕಾರ ನಿನ್ನ ಬಾಗಿಲಿಗೆ ಹೆಂಗೆ ಬರ್ತಿತ್ತು?" ಅಂದೆ. ಅದಕ್ಕೆ ಅವಳ ಹತ್ತಿರ ಉತ್ತರ ಇರಲಿಲ್ಲ ಅಂದುಕೊಂಡೆ. ಇತ್ತು.

"ಅದ್ಕೇ ಹೇಳ್ತೀನಿ, ನಾಳೆ ಟಿ. ನರಸೀಪುರಕ್ಕೆ ಜೊತೆಗ್ ಬಾ. ಆಧಾರ್‌ನಲ್ಲಿ ಬೆರಳು ಹೊಸ್ದಾಗಿ ಒತ್ತಿಸ್ಬೇಕಂತೆ. ಸುಮ್ನೆ ಕರೀತಿಲ್ಲ, ನಿನ್ನ ಋಣ ನಂಗ್ ಬ್ಯಾಡ. ಹೋಗ್ತಾ ಬರ್ತಾ ಬಸ್ ಚಾರ್ಜು ನಂದೇ."

2023ರ ಜೂನಿನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ಕಾಸಿಲ್ಲ ಅನ್ನುವುದು ನನಗಿಂತ ಚೆನ್ನಾಗಿ ಅವಳಿಗೇ ಗೊತ್ತು.