ಒಬ್ಬನೇ ಹಾಡೋದು ಅಂದ್ರೆ

ಮೊನ್ನೆ ಶಿವಾಜಿನಗರದಲ್ಲಿ ಮದುವೆ ಬ್ಯಾಂಡು ಎದುರಾಯ್ತು ನೋಡಿ. ‘ಆಪ್ ಜೈಸಾ ಕೋಯಿ’ ನುಡಿಸ್ತಿದ್ರು. ಟ್ರಂಪೆಟ್ಟಿನವನ ಕೆನ್ನೆ ಪೂರಿ ಥರ ಉಬ್ಬಿತ್ತು, ಮದುಮಗ ಕೂತಿದ್ದ ಕುದುರೆ ಮಾತ್ರ ಪಕ್ಕದ ತಳ್ಳುಗಾಡಿಯ ಬಾಳೆಹಣ್ಣಿಗೆ ಕತ್ತು ಚಾಚ್ತಾ ಇತ್ತು. ಆ ಹಾಡಿಗೆ ರಾಗ ಹಾಕಿದವರು ನಮ್ಮ ಬೆಂಗಳೂರಲ್ಲೇ ಹುಟ್ಟಿದ ಬಿದ್ದು ಅಪ್ಪಯ್ಯ ಅಂತ ಎಷ್ಟು ಜನಕ್ಕೆ ನೆನಪಿದೆಯೋ. ಕೊಡಗಿನ ಮನೆತನದವರು.

ಅವರು ಗೆದ್ದ ಕತೆ ಎಲ್ಲರೂ ಹೇಳ್ತಾರೆ. ನನ್ನ ಮನಸ್ಸು ಹೋಗಿ ನಿಲ್ಲೋದು ಅದಕ್ಕೂ ಮುಂಚಿನ ದಿನಗಳ ಹತ್ರ. ಅರವತ್ತರ ದಶಕದಲ್ಲಿ ಗೆಳೆಯರ ಜೊತೆ ‘ಟ್ರೋಜನ್ಸ್’ ಅಂತ ತಂಡ ಕಟ್ಟಿ ಇಂಗ್ಲಿಷ್ ಪಾಪ್ ಹಾಡ್ತಿದ್ರಲ್ಲ, ಆ ತಂಡ ಚದುರಿಹೋಯ್ತು. ಆಮೇಲೆ ಒಬ್ಬರೇ ಗಿಟಾರು ಹಿಡಿದು ಹೊರಟಾಗ ಇಟ್ಟುಕೊಂಡ ಹೆಸರೇನು? ‘ಲೋನ್ ಟ್ರೋಜನ್’! ಅಂದ್ರೆ ಒಂಟಿ ಟ್ರೋಜನ್. ಮನೆ ಪಾಲಾದ ಮೇಲೂ ಹಳೇ ಮನೆಯ ಹೆಸರಿನ ಹಲಗೆ ತಂದು ಬಾಡಿಗೆ ಮನೆ ಬಾಗಿಲಿಗೆ ಹೊಡೆದ ಹಾಗೆ, ಅಲ್ವಾ?

ಹಲಸೂರಲ್ಲಿ ನಮ್ಮ ಬೀದಿಯಲ್ಲಿದ್ದ ಅಣ್ಣ-ತಮ್ಮ ನೆನಪಾಗ್ತಾರೆ. ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ಅಣ್ಣ ಎಸ್‌ಪಿಬಿ ಸಾಲು ಹಾಡಿದ್ರೆ, ತಮ್ಮ ಹೆಣ್ಣು ದನಿಯಲ್ಲಿ ಜಾನಕಿಯಮ್ಮನ ಸಾಲು. ಮೀಸೆ ಬಂದ ಮೇಲೂ ಆ ದನಿ ಒಡೆದಿರಲಿಲ್ಲ ಅನ್ನೋದೇ ಸೋಜಿಗ! ಒಂದು ವರ್ಷ ಇಬ್ಬರಿಗೂ ಮಾತಿಗೆ ಮಾತು ಬೆಳೆದು ತಮ್ಮ ಬಿಟ್ಟುಹೋದ. ಆ ಸಲ ಅಣ್ಣ ಒಬ್ಬನೇ ವೇದಿಕೆ ಹತ್ತಿದ. ತಮ್ಮನ ಸಾಲು ಬಂದಾಗಲೆಲ್ಲ ಮೈಕನ್ನ ಎದೆಗೊತ್ತಿಕೊಂಡು ಸುಮ್ನೆ ನಿಂತುಬಿಡೋನು. ತಬಲಾದವನು, ಪಾಪ, ಆ ಖಾಲಿ ಜಾಗಕ್ಕೂ ಠೇಕಾ ಕೊಡ್ತಾ ಕೂತಿದ್ದ. ಕೇಳ್ತಿದ್ದ ನಮಗೇ ಹೊಟ್ಟೆಯಲ್ಲಿ ಸಂಕಟ.

ಎಲ್ಲಿದ್ದೆ? ಹಾಂ, ಬಿದ್ದು. 1967ರಲ್ಲಿ ಲಂಡನ್ನಿಗೆ ಹೋದರು. ಸಿಕ್ಕಿದ ಕೆಲಸ ಮಾಡಿಕೊಂಡು ಹೊಟ್ಟೆ ಹೊರೆದರು. ಗಾಯಕ ಅಂತ ಕೈಹಿಡಿದವರು ಕಡಿಮೆ. ಆ ದನಿಯನ್ನ ಕೇಳೋಕೆ ಅಷ್ಟು ದೊಡ್ಡ ಊರಿಗೆ ಪುರುಸೊತ್ತಿರಲಿಲ್ಲ. ಏಳು ವರ್ಷ, ಥೇಟ್ ಶನಿಕಾಟ! 1974ರಲ್ಲಿ ತಾವು ಹಾಡೋ ಬದಲು ಕಾರ್ಲ್ ಡಗ್ಲಸ್ ಅನ್ನೋ ಗಾಯಕನ ಕೈಲಿ ಒಂದು ಹಾಡು ಹಾಡಿಸಿ ಮುಗಿಸಿದ ಮೇಲೆ, ಸ್ಟುಡಿಯೋದ ಸಮಯ ಇನ್ನೇನು ಮುಗೀತು ಅನ್ನುವಾಗ, ರೆಕಾರ್ಡಿನ ಹಿಂಬದಿಗೆ ಅಂತ ಹತ್ತೇ ನಿಮಿಷದಲ್ಲಿ ಇನ್ನೊಂದು ಹಾಡಿಸಿದರು. ಅದೇ ‘ಕುಂಗ್ ಫೂ ಫೈಟಿಂಗ್’. ಬ್ರಿಟನ್ನು, ಅಮೆರಿಕ ಎರಡೂ ಕಡೆ ಮೊದಲ ಸ್ಥಾನ!

ಆರು ವರ್ಷ ಬಿಟ್ಟು ‘ಕುರ್ಬಾನಿ’ ಸಿನಿಮಾಕ್ಕೆ ಮಾಡಿದ್ದೇ ಆ ಮದುವೆ ಬ್ಯಾಂಡಿನ ‘ಆಪ್ ಜೈಸಾ ಕೋಯಿ’. 15 ವರ್ಷದ ನಾಜಿಯಾ ಹಸನ್ ಕೈಲಿ ಹಾಡಿಸಿದ್ರಲ್ಲ, ಆ ಹುಡುಗಿ ಆಮೇಲೆ ತಮ್ಮ ಜೊಹೇಬ್ ಜೊತೆ ಜೋಡಿಯಾಗಿ ಮನೆಮನೆಗೂ ಬಂದಳು. 1992ರ ಆಲ್ಬಮ್ ಆದ ಮೇಲೆ ಆ ಜೋಡಿಯೂ ನಿಂತುಹೋಯ್ತು. ನಾಜಿಯಾಗೆ ಕ್ಯಾನ್ಸರ್ ಬಂತು, ಸಂಸಾರ ಮುರೀತು. 2000ದ ಆಗಸ್ಟಿನಲ್ಲಿ ತೀರಿಕೊಂಡಾಗ ಬರೀ 35. ಆ ಹಾಡು ಕೇಳಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತೆ, ಸುಳ್ಳಲ್ಲ.

ನಂಗನಿಸೋದಿಷ್ಟೇ. ಜೊತೆ ಬಿಟ್ಟುಹೋದ ಜಾಗ ಹಾಗೇ ಇರುತ್ತೆ, ತುಂಬೋಕಾಗಲ್ಲ. ಆದ್ರೆ ಅಲ್ಲಿಗೆ ಇನ್ನೊಂದು ದನಿಯನ್ನ ಕರೆದು ಕೂರಿಸಬಹುದು. ಬಿದ್ದು ಮಾಡಿದ್ದು ಅದೇ ಅಲ್ವಾ?

ಹಲಸೂರಿನ ಆ ಅಣ್ಣ ಈಗಲೂ ಹಾಡ್ತಾನೆ, ತಲೆಯೆಲ್ಲ ಬೆಳ್ಳಗಾಗಿದೆ. ಹೋದ ಗಣೇಶನ ಹಬ್ಬದಲ್ಲಿ ತಮ್ಮನ ಸಾಲು ಬಂತು. ನಾನು ಉಸಿರು ಬಿಗಿಹಿಡಿದೆ. ಅವನು ಪಕ್ಕದ ಬೀದಿಯ ಒಂದು ಪುಟ್ಟ ಹುಡುಗಿಯನ್ನ ಹತ್ರ ಕರೆದು, ಮೈಕು ಅವಳ ಬಾಯಿಗೆ ಸರಿಯಾಗೋ ಹಾಗೆ ಬಗ್ಗಿಸಿ ಹಿಡಿದ.